ಬಿಳಿ ಅಂಚಿನಲ್ಲಿ ಏಳುವವಳು

ಬೇರೆ ಊರುಗಳಲ್ಲಿ ಬೆಳಗಾಗಬೇಕಾದರೆ ಸೂರ್ಯ ಹುಟ್ಟಿದರೆ ಸಾಕು. ಆ ಊರಿನಲ್ಲಿ ಊರೇ ಹುಟ್ಟಬೇಕಿತ್ತು. ಸೂರ್ಯ ಕೂಡ ಗುಡ್ಡದ ಹಿಂದೆ ಸ್ವಲ್ಪ ಹೊತ್ತು ಕಾದಿದ್ದು, ಊರು ಎದ್ದು ಮೈ ಕೊಡವಿಕೊಂಡ ಮೇಲೆಯೇ ತಲೆ ಎತ್ತುತ್ತಿದ್ದನಂತೆ. ಇದೇನು ಬುರುಡೆ ಅನ್ನುವವರು ಧಾರಾಳವಾಗಿ ಹೋಗಿ ನೋಡಿಕೊಂಡು ಬರಲಿ. ಅಲ್ಲಿ ಮಲಗದಿದ್ದರೆ ಆಯಿತು, ಅಷ್ಟೆ.

ಊರಿನ ನಟ್ಟನಡುವೆ ಅಚ್ಚಿನ ಮನೆ. ಅಚ್ಚಿನ ಮನೆಯೊಳಗೆ ಕಲ್ಲಿನ ಮೇಜು. ಮೇಜಿನ ಮೇಲೆ ತಾಯಚ್ಚು. ಹೆಸರಿಗೆ ಅಚ್ಚು, ನೋಡಿದರೆ ಜೇಡಿಮಣ್ಣಿನಲ್ಲಿ ಮಾಡಿಟ್ಟ ಪುಟ್ಟ ಊರು. ಬೀದಿಗೊಂದು ಬೀದಿ, ಮನೆಗೊಂದು ಮನೆ, ಮನುಷ್ಯನಿಗೊಂದು ಬೊಂಬೆ. ರಾತ್ರಿ ಊರು ಮಲಗಿದಾಗ ಏನೇ ಆಗಿರಲಿ, ಬೆಳಗಿನ ಜಾವಕ್ಕೆ ಊರು ಆ ಅಚ್ಚಿನಲ್ಲಿ ಇದ್ದ ಹಾಗೆಯೇ ಮತ್ತೆ ಹುಟ್ಟುತ್ತಿತ್ತು. ಅದೇ ಎತ್ತರದ ಮನೆಗಳು, ಗೆರೆ ಎಳೆದ ಹಾಗೆ ಅದೇ ಬೀದಿಗಳು, ಬೀದಿಗೂ ಬೀದಿಗೂ ನಡುವೆ ಅದೇ ಅಂತರ. ಅಚ್ಚಿನ ಹೊರಗೆ, ಸುತ್ತ ನಾಲ್ಕೂ ಕಡೆ ಏನೂ ಬೆಳೆಯದ ಸುಣ್ಣದ ನೆಲದ ಬಿಳಿ ಅಂಚು. ಮೇಲೆ ಹಾರುವ ಹಕ್ಕಿಗೆ ಆ ಊರು ದುಂಡಾಗಿ ಬರೆದಿಟ್ಟ ಹಾಳೆಯ ಹಾಗೆ ಕಾಣುತ್ತಿತ್ತು.

ಊರಿನವರ ಜಂಬ ಕೇಳಬೇಕಿತ್ತು! ಮಧ್ಯಾಹ್ನ ಮನೆಗೆ ಬೆಂಕಿ ಬಿದ್ದರೆ ಮನೆಯ ಯಜಮಾನ ಪಕ್ಕದ ಜಗಲಿಯಲ್ಲಿ ಕೂತು ಚೌಕಾಬಾರ ಆಡುತ್ತಿದ್ದ. ಬೆಳಿಗ್ಗೆಗೆ ಮನೆ ಇದ್ದೇ ಇರುತ್ತದಲ್ಲ. ಮಡಕೆ ಒಡೆದ ಸೊಸೆಗೆ ಬೈಯಲು ಕಾರಣವೇ ಸಿಗದೆ ಅತ್ತೆಯಂದಿರು ಸೊರಗಿ ಕಡ್ಡಿಯಾಗಿದ್ದರು. ಮನುಷ್ಯರ ಕಥೆಯೂ ಹಾಗೆಯೇ. ಎಲ್ಲಿ ಮಲಗಿದರೂ ಏಳುವುದು ಬೊಂಬೆ ನಿಂತ ಜಾಗದಲ್ಲೇ. ಒಬ್ಬ ಹೊಳೆಯಾಚೆ ಅತ್ತೆಮನೆಯಲ್ಲಿ ಹೋಳಿಗೆ ತಿನ್ನುತ್ತಾ ತೂಕಡಿಸಿದವನು ಬೆಳಿಗ್ಗೆ ತನ್ನ ಅಡುಗೆಮನೆಯಲ್ಲಿ ಎದ್ದಾಗ ಬಾಯಲ್ಲಿ ಇನ್ನೂ ಅರ್ಧ ಹೋಳಿಗೆ ಇತ್ತು. ಅಚ್ಚಿನಲ್ಲಿ ಜಾಗ ಇಲ್ಲದ್ದು ಏನಿದ್ದರೂ, ವಸ್ತುವೋ ಮನುಷ್ಯರೋ, ಬೆಳಗಾಗುವಾಗ ಊರಿನ ಹೊರಗೆ ಬಿಳಿ ಅಂಚಿನಲ್ಲಿ ಬಿದ್ದಿರುತ್ತಿತ್ತು.

ಹೊಸದು ಬೇಕಾದರೆ ಬೇಡ ಅನ್ನುವವರಿಲ್ಲ. ಹಗಲು ಹೊತ್ತಿನಲ್ಲಿ ಯಾರು ಬೇಕಾದರೂ ಅಚ್ಚಿನ ಮನೆಗೆ ಬಂದು ತಾಯಚ್ಚನ್ನು ತಿದ್ದಬಹುದು. ಸಂಜೆ ಅಚ್ಚಿನ ಮನೆ ನೋಡಿಕೊಳ್ಳುವ ಅಚ್ಚಿನಯ್ಯ ದೀಪ ಹಿಡಿದು ಬಂದು ಕೇಳುತ್ತಿದ್ದ:

"ಇದ್ದಂತೆ ಇರಲೋ, ಮಾಡಿದಂತೆ ಇರಲೋ?"

ತಿದ್ದಿದವನು ಕೈ ಮುಗಿದು ಹೇಳಬೇಕು: "ಮಾಡಿದಂತೆ ಇರಲಿ."

ಹೇಳಿದ ಮೇಲೆ ಹಿಂದಕ್ಕೆ ನೋಡದೆ ಹೊರಗೆ ಹೋಗಬೇಕು. ಅಚ್ಚಿನಯ್ಯನೂ ಹೋಗಬೇಕು. ಒಳಗೆ ಉಳಿಯುವವನು ಗಂಟೆಯವನೊಬ್ಬನೇ. ಅವನು ಗಂಟೆ ಬಾರಿಸುತ್ತಿದ್ದ. ಗಂಟೆಯ ಸದ್ದಿಗೆ ಅಚ್ಚಿನ ಮಣ್ಣು ಬಿಗಿಯುತ್ತಿತ್ತು. ಆಮೇಲೆ ದೀಪ ಆರಿಸಿ ಬಾಗಿಲು ಎಳೆದುಕೊಂಡು ಬರುತ್ತಿದ್ದ. ಬರುತ್ತಿದ್ದುದು ನೇರವಾಗಿ ಬುಟ್ಟಿಯವನ ಮನೆಗೆ.

ಬುಟ್ಟಿಯವನೆಂದರೆ ಬಿದಿರು ಸೀಳಿ ಬುಟ್ಟಿ ಹೆಣೆಯುವವನು. ಅವನ ಬುಟ್ಟಿಯಲ್ಲಿ ನೀರು ತಂದರೂ ಸೋರುತ್ತಿರಲಿಲ್ಲ, ಬೇಕಾದರೆ ಸ್ವಲ್ಪ ಹೆಚ್ಚೇ ಆಗುತ್ತಿತ್ತು ಎಂದು ಊರೆಲ್ಲ ಹೇಳಿಕೊಳ್ಳುತ್ತಿತ್ತು. ಒಂಟಿ ಜೀವ. ಅಚ್ಚಿನಲ್ಲಿ ಅವನ ಮನೆಗೆ ಒಂದು ಚಾಪೆ, ಒಂದು ತಟ್ಟೆ, ಹೊರಗೆ ಜಗಲಿಯ ಮೇಲೆ ಒಬ್ಬರು ಕೂರುವಷ್ಟು ಕಟ್ಟೆ. ಆ ಕಟ್ಟೆಯ ಮೇಲೆ ದಿನಾ ಗಂಟೆಯವ ಬಂದು ಕೂರುವುದು, ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವುದು, ಊರಿನವರನ್ನೆಲ್ಲ ಆಡಿಕೊಂಡು ನಗುವುದು. ನಕ್ಕರೆ ಬೀದಿಯ ಕೊನೆಯ ಮನೆಯ ಮೊಸರು ಒಡೆಯುತ್ತಿತ್ತು.

ಹೀಗಿದ್ದ ಬುಟ್ಟಿಯವ ಹೊಳೆಯಾಚೆಯ ಊರಿಗೆ ಬುಟ್ಟಿ ಕೊಡಲು ಹೋದವನು ಮನಸ್ಸು ಕೊಟ್ಟು ಬಂದ. ಮದುವೆಗೆ ಮುಂದೆ ನಿಂತವನು ಗಂಟೆಯವನೇ. ಬಾಸಿಂಗ ಕಟ್ಟಿದವನು ಅವನು, ದೋಣಿಯಿಂದ ಮದುಮಗಳ ಪೆಟ್ಟಿಗೆ ಹೊತ್ತು ತಂದವನು ಅವನು. "ಅಮ್ಮಣ್ಣೀ, ಇನ್ನು ಇದು ನಿನ್ನೂರು. ಗಂಡ ಏನಾದ್ರೂ ಅಂದ್ರೆ ನನಗೆ ಹೇಳು, ಗಂಟೆ ಬದಲು ಅವನ ತಲೆ ಬಾರಿಸ್ತೀನಿ," ಎಂದ. ಅವಳು ನಕ್ಕಳು. ಅವಳು ನಕ್ಕಿದ್ದಕ್ಕೆ ಬುಟ್ಟಿಯವನಿಗೆ ಊರು ಒಂದು ಗೇಣು ಅಗಲವಾದಂತೆ ಕಂಡಿತು.

ಮದುವೆಯ ದಿನವೇ ಅವನು ಅಚ್ಚಿನ ಮನೆಗೆ ಹೋಗಿ ಜೇಡಿಮಣ್ಣಿನಲ್ಲಿ ಹೆಂಡತಿಯ ಬೊಂಬೆ ಮಾಡಿ, ತನ್ನ ಬೊಂಬೆಯ ಪಕ್ಕ ಕೂರಿಸಿ, ಇನ್ನೊಂದು ಚಾಪೆ, ಇನ್ನೊಂದು ತಟ್ಟೆ ಇಟ್ಟ. ಜಾಗ ಸಾಲದೆ ಹೊರಗಿನ ಕಟ್ಟೆಯನ್ನು ಒಂದಿಷ್ಟು ಕೊರೆದು ಒಳಕ್ಕೆ ಸೇರಿಸಿಕೊಂಡ.

"ಇದ್ದಂತೆ ಇರಲೋ, ಮಾಡಿದಂತೆ ಇರಲೋ?"

"ಮಾಡಿದಂತೆ ಇರಲಿ."

ಗಂಟೆ ಬಿತ್ತು. ಬೆಳಗಾಯಿತು. ಊರು ಹುಟ್ಟಿತು. ಬುಟ್ಟಿಯವ ಕಣ್ಣು ಬಿಟ್ಟರೆ ಒಂದು ಚಾಪೆ, ಒಂದು ತಟ್ಟೆ. ಹೆಂಡತಿ ಬಿಳಿ ಅಂಚಿನಲ್ಲಿ ಎದ್ದಳು. ಪಕ್ಕದಲ್ಲಿ ಅವಳ ಪೆಟ್ಟಿಗೆ ಬಿದ್ದಿತ್ತು. ಅದನ್ನು ಸೊಂಟಕ್ಕೆ ಇಟ್ಟುಕೊಂಡು, ಬೆನ್ನಿಗೆ ಮೆತ್ತಿದ ಸುಣ್ಣ ಒರೆಸಿಕೊಳ್ಳುತ್ತಾ, ಊರಿನ ಎಲ್ಲ ಬೀದಿಗಳನ್ನೂ ದಾಟಿ ಮನೆಗೆ ನಡೆದು ಬಂದಳು. ಬಾಗಿಲು ಬಾಗಿಲಿಗೂ ಜನ ನಿಂತು ನೋಡಿದರು.

"ಹೊಸ ಮಣ್ಣು, ಒಂದೇ ಸಲಕ್ಕೆ ಹಿಡಿಯಲ್ಲ. ಇನ್ನೊಂದು ಸಲ ಮಾಡಿ ನೋಡಪ್ಪ," ಎಂದರು.

ಅವನು ಅಚ್ಚಿನ ಮನೆಗೆ ಹೋಗಿ ನೋಡಿದರೆ ಹೆಂಡತಿಯ ಬೊಂಬೆ ಇಲ್ಲ. ಕರಗಿ ಹೋಯಿತೇನೋ ಅಂದುಕೊಂಡು ಇನ್ನೊಂದು ಮಾಡಿದ. ಮಾರನೆಯ ದಿನ ಮತ್ತೊಂದು.

"ಮಣ್ಣು ಮೊಂಡು ಬಿದ್ದಿದೆ ಕಣೋ. ಹರಳೆಣ್ಣೆ ಹಾಕಿ ನಾದು," ಎಂದ ಗಂಟೆಯವ, ಅವಳು ಬಡಿಸಿದ ರೊಟ್ಟಿ ಮುರಿಯುತ್ತಾ.

ಬುಟ್ಟಿಯವ ನಾದಿದ. ಹೇಗೆ ನಾದಿದನೆಂದರೆ ಮರುದಿನ ಊರಿನ ಬಾಗಿಲುಗಳೆಲ್ಲ ಸದ್ದಿಲ್ಲದೆ ತೆರೆದುಕೊಂಡವು. ಹಾಸಿಗೆಯಿಂದ ಎದ್ದ ಒಬ್ಬ ಅಜ್ಜಿ ನೆಲದ ನುಣುಪಿಗೆ ಜಾರಿ, ಮನೆ ದಾಟಿ, ಅಂಗಳ ದಾಟಿ, ಬಾವಿಕಟ್ಟೆಯ ಹತ್ತಿರ ಹೋಗಿ ನಿಂತಳು. ನೀರು ತರುವುದಿತ್ತು, ಸರಿಹೋಯಿತು ಅಂದಳು. ಆದರೆ ಹೆಂಡತಿ ಬಿಳಿ ಅಂಚಿನಲ್ಲಿ ಎದ್ದಳು.

ಅಚ್ಚಿನಯ್ಯ ಗಡ್ಡ ನೀವಿಕೊಂಡ. "ಬೀದಿಬೀದಿಯವರು ಹರಕೆ ಅಂತ ಅಚ್ಚಿಗೆ ಏನೇನೋ ಕಟ್ಟಿದ್ದಾರೆ ಮಗಾ. ಯಾವುದೋ ಒಂದು ಅಡ್ಡ ಬರ್ತಿರಬಹುದು. ಒಂದೊಂದಾಗಿ ಬಿಚ್ಚಿ ನೋಡು."

ಕಮ್ಮಾರರ ಬೀದಿಯವರ ಕಬ್ಬಿಣದ ಬಳೆ ಬಿಚ್ಚಿದ. ಅವರು ಅವನ ಕತ್ತಿಗೆ ಸಾಣೆ ಹಿಡಿಯುವುದಿಲ್ಲ ಎಂದರು. ಕ್ಷೌರಿಕರ ಬೀದಿಯವರ ಕನ್ನಡಿ ಬಿಚ್ಚಿದ. ಅವರು ಅರ್ಧ ಮುಖ ಬೋಳಿಸಿ, ಉಳಿದರ್ಧ ಕನ್ನಡಿ ತಿರುಗಿ ಕಟ್ಟಿದ ಮೇಲೆ ಎಂದರು. ಮಗ್ಗದವರ ನೂಲು, ಗಾಣದವರ ಹರಳುಕಾಯಿ ಗೊಂಚಲು, ಎಲ್ಲ ಬಿಚ್ಚಿದ. ಅರ್ಧ ಮೀಸೆ ಹೊತ್ತುಕೊಂಡು ಊರೆಲ್ಲರ ಕೈಲಿ ಬೈಸಿಕೊಂಡ. ಬೆಳಗಾಯಿತು. ಊರು ಹುಟ್ಟಿತು. ಹೆಂಡತಿ ಬಿಳಿ ಅಂಚಿನಲ್ಲಿ ಎದ್ದಳು.

"ಹಾಗಾದ್ರೆ ತಾಯಚ್ಚೇ ಕೆಟ್ಟಿರಬೇಕು," ಎಂದ ಅಚ್ಚಿನಯ್ಯ. "ಹಳೇದನ್ನ ಹೊತ್ತು ತಗೊಂಡು ಹೋಗಿ ಎಲ್ಲಾದ್ರೂ ಮುಚ್ಚಿಡು. ಬೆಳಿಗ್ಗೆಗೆ ಹೊಸದು ತಾನಾಗಿ ಹುಟ್ಟತ್ತೆ. ಅದರಲ್ಲಿ ಮಾಡು."

ಬುಟ್ಟಿಯವ ಊರನ್ನೇ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತ. ಹೊತ್ತು ನಡೆಯುವಾಗ ನಿಜವಾದ ಊರಿನಲ್ಲಿ ತೊಟ್ಟಿಲುಗಳೆಲ್ಲ ತಾವಾಗಿ ತೂಗಿದವಂತೆ. ಹುಲ್ಲಿನ ಮೆದೆಯಲ್ಲಿ ಬಚ್ಚಿಟ್ಟು ಬಂದ. ಬೆಳಿಗ್ಗೆ ಕಲ್ಲಿನ ಮೇಜಿನ ಮೇಲೆ ಹೊಸ ತಾಯಚ್ಚು ಕೂತಿತ್ತು, ಎಳೆ ಮಗುವಿನ ಅಂಗಾಲಿನ ಹಾಗೆ ನುಣ್ಣಗೆ. ಅಂದು ಊರಿನ ಗಿಣಿಗಳು ಕಲಿತ ಮಾತೆಲ್ಲ ಮರೆತು ಬರಿದೆ ಕಿರುಚಿದವು. ಹೊಸ ಅಚ್ಚಿನಲ್ಲೂ ಬುಟ್ಟಿಯವನ ಮನೆಗೆ ಒಂದೇ ಚಾಪೆ, ಒಂದೇ ತಟ್ಟೆ. ಅವನು ಮತ್ತೆ ಬೊಂಬೆ ಮಾಡಿದ. ಸಂಜೆ ಮತ್ತೆ ಹೇಳಿದ, ಮಾಡಿದಂತೆ ಇರಲಿ.

ಬೆಳಗಾಯಿತು. ಊರು ಹುಟ್ಟಿತು. ಮುಂದಿನದು ಹೇಳಬೇಕಾಗಿಲ್ಲ.

ಅವತ್ತು ಅವಳು ಪೆಟ್ಟಿಗೆಯನ್ನು ಒಳಗೆ ತರಲಿಲ್ಲ. ಹೊಸ್ತಿಲಲ್ಲೇ ಇಟ್ಟು ಅದರ ಮೇಲೆ ಕೂತಳು.

"ನೀವು ನಮ್ಮೂರಿಗೆ ಕೊಟ್ಟ ಬುಟ್ಟಿ ಇವತ್ತಿಗೂ ನಮ್ಮಮ್ಮನ ಅಡುಗೆಮನೆಯಲ್ಲಿದೆ," ಎಂದಳು. "ನೀವು ಮಾಡಿದ್ದು ಅಲ್ಲಿ ನಿಲ್ಲತ್ತೆ, ಇಲ್ಲಿ ಯಾಕೆ ನಿಲ್ಲಲ್ಲ?"

"ನಾನೇನು ಮಾಡ್ಲೇ? ಎಣ್ಣೆ ಹಾಕ್ದೆ, ಬಿಚ್ಚಿದೆ, ಹೊತ್ತೆ..."

"ನಿಜ ಹೇಳಿ. ಅಯ್ಯ ಕೇಳಿದಾಗ ನೀವು ಏನು ಉತ್ತರ ಕೊಡ್ತೀರಿ?"

ಬುಟ್ಟಿಯವನಿಗೆ ಬಿದಿರ ಸಿಬಿರು ಉಗುರಿನ ಸಂದಿಗೆ ಹೊಕ್ಕ ಹಾಗಾಯಿತು. "ನನ್ನ ಮೇಲೇ ಅನುಮಾನವೇ?"

"ದಿನಾ ಸುಣ್ಣದಲ್ಲಿ ಏಳೋಳು ನಾನು. ಎಲ್ಲರ ಬಾಗಿಲ ಮುಂದೆ ನಡೆದು ಬರೋಳು ನಾನು. ನೀವು ದಿನಾ ನಿಮ್ಮ ಚಾಪೆ ಮೇಲೇ ಏಳ್ತೀರಿ." ಅವಳು ಧ್ವನಿ ಏರಿಸಲಿಲ್ಲ. "ಮಂಜು ಬೀಳೋ ಕಾಲ ಬಂತು. ಮಂಜಿನಲ್ಲಿ ಆ ನೆಲದ ಮೇಲೆ ಎದ್ದು ಬರೋಕೆ ನನ್ನಿಂದ ಆಗಲ್ಲ. ಮೊದಲ ಮಂಜು ಬಿದ್ದ ದಿನ ಈ ಕಡೆ ತಿರುಗಲ್ಲ, ಆ ಕಡೆ ತಿರುಗ್ತೀನಿ. ದೋಣಿ ಹತ್ತಿರದಲ್ಲೇ ಇದೆ."

ಅವನು ಅವಳ ಬೆನ್ನಿನ ಸುಣ್ಣ ಒರೆಸಿದ. ಆಮೇಲೆ ಅವನ ಅರ್ಧ ಮೀಸೆಯ ಕೆಳಗೆ ಇಡೀ ನಗು ಬಂತು.

"ನಿನ್ನನ್ನ ಒಳಗೆ ಇಡೋಕೆ ಆಗಲ್ಲ ಅಂದ್ರೆ ನನ್ನನ್ನ ಹೊರಗೆ ತೆಗೀತೀನಿ. ನನ್ನ ಬೊಂಬೆ ಕಿತ್ತು ಹಾಕ್ತೀನಿ ಕಣೇ. ನಾಳೆ ಬೆಳಿಗ್ಗೆ ನಿನ್ನ ಪಕ್ಕದಲ್ಲೇ, ಆ ಸುಣ್ಣದಲ್ಲೇ ಏಳ್ತೀನಿ. ಅಲ್ಲಿಂದ ಎತ್ತ ಹೋಗೋಣ ಅಂತೀಯೋ ಅತ್ತ."

"ಏಳ್ತೀರಾ?"

"ಏಳ್ತೀನಿ."

ಎಷ್ಟೋ ದಿನದ ಮೇಲೆ ಅವಳು ನಕ್ಕಳು.

ಸಂಜೆ ಅವನು ಅಚ್ಚಿನಿಂದ ತನ್ನ ಬೊಂಬೆಯನ್ನು ಕಿತ್ತ. ಹಲ್ಲು ಕಿತ್ತ ಹಾಗೆ ಜಾಗ ಗುಳಿಯಾಯಿತು. ಗಂಟೆಯವ ಹಗ್ಗದ ಪಕ್ಕ ನಿಂತು ನೋಡುತ್ತಿದ್ದ. ಬುಟ್ಟಿಯವ ಅವನಿಗೆ ಎಲ್ಲವನ್ನೂ ಹೇಳಿದ. ಹೇಳದೆ ಇರಲು ಅವನಿಗೆ ಗೊತ್ತಿರಲಿಲ್ಲ. ತಟ್ಟೆ ಹಂಚಿಕೊಂಡವರ ನಡುವೆ ಮುಚ್ಚುಮರೆ ಹೇಗೆ ಮಾಡುತ್ತಾರೆ ಎಂಬುದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ.

"ಹೊರಟೇ ಬಿಟ್ಯಾ?" ಎಂದ ಗಂಟೆಯವ.

"ಹೊರಟೆ ಕಣೋ. ಒಂದೊಂದು ಸಲ ಹೊಳೆ ದಾಟಿ ಬಾ."

ಗಂಟೆಯವ ಅವನನ್ನು ಅಪ್ಪಿಕೊಂಡ. ಬೆನ್ನು ತಟ್ಟಿದ. "ಹೋಗಿ ಬಾ," ಎಂದ. ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳಲ್ಲ ಎಂದು ಇವತ್ತಿಗೂ ಹೇಳಬಹುದು.

"ಇದ್ದಂತೆ ಇರಲೋ, ಮಾಡಿದಂತೆ ಇರಲೋ?"

"ಮಾಡಿದಂತೆ ಇರಲಿ," ಎಂದ ಬುಟ್ಟಿಯವ, ಎಂದಿಗಿಂತ ಗಟ್ಟಿಯಾಗಿ. ಹಿಂದಕ್ಕೆ ನೋಡದೆ ಹೊರಗೆ ಬಂದ. ಗಂಟೆ ಬಿತ್ತು.

ಬೆಳಗಾಯಿತು. ಊರು ಹುಟ್ಟಿತು. ಅವನಿಗೆ ಬೆನ್ನ ಕೆಳಗೆ ಸುಣ್ಣದ ತಣುಪು ತಾಕಲಿಲ್ಲ. ಚಾಪೆ ತಾಕಿತು. ಒಂದು ಚಾಪೆ. ಗೋಡೆಗೆ ಒರಗಿಸಿದ ಒಂದು ತಟ್ಟೆ. ಕಿಟಕಿಯಾಚೆ ಹಾಲು ಚೆಲ್ಲಿದಂತೆ ಮಂಜು.

ಅವನು ಓಡಿದ. ಬೀದಿ ಬೀದಿ ದಾಟಿ ಓಡಿದ. ಬಾಗಿಲಲ್ಲಿ ನಿಂತವರು ಇಂದು ಯಾರೂ ಏನೂ ಅನ್ನಲಿಲ್ಲ. ಬಿಳಿ ಅಂಚಿನಲ್ಲಿ ಬಿಳಿ ಮಂಜು. ನೆಲ ಯಾವುದು ಗಾಳಿ ಯಾವುದು ತಿಳಿಯುತ್ತಿರಲಿಲ್ಲ. ಕೈಯಿಂದ ತಡಕಿ ತಡಕಿ ಅವಳು ಮಲಗಿದ್ದ ಜಾಗ ಹುಡುಕಿದ. ಸುಣ್ಣದ ಪುಡಿಯಲ್ಲಿ ಅವಳ ಮೈಯ ಗುರುತಿತ್ತು. ಅದರ ಪಕ್ಕದಲ್ಲಿ, ಇನ್ನೊಬ್ಬರು ಬಂದು ಮಲಗುವಷ್ಟು ಅಗಲಕ್ಕೆ, ಕಲ್ಲುಗಳನ್ನೆಲ್ಲ ಹೆಕ್ಕಿ ಅಂಗೈಯಿಂದ ನೆಲ ಸವರಿ ಸಮ ಮಾಡಿತ್ತು. ಅಲ್ಲಿ ಯಾರೂ ಮಲಗಿರಲಿಲ್ಲ. ಹೆಜ್ಜೆಗಳು ಹೊಳೆಯ ಕಡೆ ಹೋಗಿದ್ದವು.

ಅವನು ಹೊಳೆಯ ಕಡೆ ಎರಡು ಹೆಜ್ಜೆ ಇಟ್ಟವನು ನಿಂತ. ಏನಂತ ಹೇಳುವುದು ಅವಳಿಗೆ? ಏಳ್ತೀನಿ ಅಂದಿದ್ದೆ, ಏಳಲಿಲ್ಲ. ಯಾಕೆ ಏಳಲಿಲ್ಲ? ಅದು ಅವನಿಗೇ ಗೊತ್ತಿರಲಿಲ್ಲ. ತಿರುಗಿ ಅಚ್ಚಿನ ಮನೆಗೆ ಓಡಿದ.

ಗಂಟೆಯವ ಮೇಜಿನ ಪಕ್ಕ ಕೂತಿದ್ದ. ತಾಯಚ್ಚಿನಲ್ಲಿ ಬುಟ್ಟಿಯವನ ಬೊಂಬೆ ತನ್ನ ಜಾಗದಲ್ಲೇ ನಿಂತಿತ್ತು. ಬುಡದ ಸುತ್ತ ಯಾರೋ ಜೋಪಾನವಾಗಿ ಹೊಸ ಮಣ್ಣು ಮೆತ್ತಿದ್ದರು.

"ಯಾರು ಕಣೋ ಇಟ್ಟೋರು?"

"ನಾನೇ." ಗಂಟೆಯವ ತಲೆ ಎತ್ತಲಿಲ್ಲ. "ನೀನು ಹೋಗ್ತೀನಿ ಅಂದೆ. ಹೋಗಿ ಬಾ ಅಂತ ಬಾಯಿ ಅಂತು. ಕೈ ಕೇಳಲಿಲ್ಲ ಕಣೋ."

"ಉತ್ತರ ಆದ ಮೇಲೆ? ನಾನು ಹೊರಗೆ ಹೋದ ಮೇಲೆ?"

"ಗಂಟೆ ಬೀಳೋಕೆ ಮುಂಚೆ."

ಬುಟ್ಟಿಯವ ಮೇಜನ್ನು ಹಿಡಿದುಕೊಂಡ. "ಅವಳ ಬೊಂಬೆಗಳು?"

ಗಂಟೆಯವ ಎದ್ದು ಗಂಟೆಯ ಕೆಳಗಿನ ಗೂಡಿನ ಪರದೆ ಸರಿಸಿದ. ಒಳಗೆ ಸಾಲಾಗಿ ನಿಂತಿದ್ದಳು ಅವನ ಹೆಂಡತಿ. ಜಡೆ ಮುಂದೆ ಹಾಕಿಕೊಂಡವಳು. ಪೆಟ್ಟಿಗೆ ಸೊಂಟಕ್ಕಿಟ್ಟವಳು. ರೊಟ್ಟಿ ತಟ್ಟುವವಳು. ಸಿಟ್ಟಾದವಳು. ಅವನು ಮಾಡಿದ ಒಬ್ಬೊಬ್ಬಳೂ.

"ಒಂದನ್ನೂ ಒಡೀಲಿಲ್ಲ ನೋಡು," ಎಂದ ಗಂಟೆಯವ. ಅದನ್ನು ಅವನು ಒಳ್ಳೆಯ ಸುದ್ದಿಯ ಹಾಗೆ ಹೇಳಿದ.

ಹೆಂಡತಿಯ ಹಿಂದೆ, ಗೂಡಿನ ಕತ್ತಲಿಗೆ ಒತ್ತಿಕೊಂಡು, ಬೇರೆಯವರ ಮಣ್ಣಿನ ಸಾಮಾನುಗಳಿದ್ದವು. ಯಾರೋ ಬೇಕೆಂದು ಮಾಡಿದ ಕಿಟಕಿ. ಯಾರೋ ಮಾಡಿದ ತೊಟ್ಟಿಲು. ಒಂದು ಮಾವಿನ ಮರ. ಒಬ್ಬ ಅಳಿಯ. ಧೂಳು ಹಿಡಿದು ಕೂತಿದ್ದವು.

"ಅವರಿಗೂ ಗೊತ್ತಾ?"

"ಗೊತ್ತಿಲ್ಲದೆ ಏನು? ಒಂದಿಷ್ಟು ದಿನ ಮಾಡ್ತಾರೆ, ಆಮೇಲೆ ತಿಳ್ಕೋತಾರೆ, ಸುಮ್ಮನಾಗ್ತಾರೆ. ಊರು ಇದ್ದಂತೆ ಇರಬೇಕು ಅಂತ ತಾನೇ ನನ್ನ ಕೈಗೆ ಹಗ್ಗ ಕೊಟ್ಟಿರೋದು."

"ಇನ್ನೊಂದು ಸಲ ಮಾಡಿ ನೋಡು ಅಂದ್ರಲ್ಲೋ ಎಲ್ಲರೂ. ಎಣ್ಣೆ ಹಾಕು ಅಂದೆಯಲ್ಲೋ ನೀನು. ಅವಳ ಕೈಯ ರೊಟ್ಟಿ ತಿಂತಾ ಅಂದೆಯಲ್ಲೋ!"

ಬಾಗಿಲಲ್ಲಿ ಅಚ್ಚಿನಯ್ಯ ನಿಂತಿದ್ದ. ಬುಟ್ಟಿಯವ ಅವನ ಕಡೆ ನೋಡಿದ. ಅಚ್ಚಿನಯ್ಯ ದೀಪದ ಬತ್ತಿ ಸರಿಮಾಡುತ್ತಾ ಹೇಳಿದ, "ಕೇಳೋದು ನನ್ನ ಕೆಲಸ ಮಗಾ. ಉಳಿಸೋದು ನನ್ನದಲ್ಲ."

"ಹಗ್ಗ ಇಲ್ಲಿ ಕೊಡು," ಎಂದ ಬುಟ್ಟಿಯವ ಗಂಟೆಯವನಿಗೆ.

"ಕೊಟ್ರೆ ಊರು ಸಂಜೆಯೊಳಗೆ ನಿನ್ನ ಕೈಯಿಂದ ಕಿತ್ಕೊಂಡು ಇನ್ನೊಬ್ಬನ ಕೈಗೆ ಕೊಡತ್ತೆ. ಅವನು ಬೊಂಬೆ ಜೋಪಾನ ಮಾಡಲ್ಲ, ಒಡೀತಾನೆ." ಆಮೇಲೆ, ತೀರ ಸಣ್ಣ ದನಿಯಲ್ಲಿ, "ಮೊದಲನೇ ದಿನವೇ ನನ್ನ ಕಟ್ಟೆ ಕೊರೆದೆಯಲ್ಲೋ. ನಾನು ಎಲ್ಲಿ ಕೂತ್ಕೋಬೇಕಿತ್ತು?"

ಬುಟ್ಟಿಯವನಿಗೆ ಬೈಗುಳಗಳು ಗೊತ್ತಿದ್ದವು, ಸಂತೆಯಲ್ಲಿ ಅವನನ್ನು ಮೀರಿಸಿ ಬೈಯುವವರಿರಲಿಲ್ಲ. ಒಂದೂ ನೆನಪಿಗೆ ಬರಲಿಲ್ಲ. ಮೂಲೆಯಲ್ಲಿದ್ದ ಬುಟ್ಟಿಯನ್ನು ಎಳೆದುಕೊಂಡ. ಹುಲ್ಲು ಹಾಸಿದ. ಹೆಂಡತಿಯನ್ನು ಒಬ್ಬೊಬ್ಬಳನ್ನಾಗಿ ಎತ್ತಿ, ಒಬ್ಬಳಿಗೊಬ್ಬಳು ತಾಗದ ಹಾಗೆ ಇಟ್ಟು, ತಲೆಯ ಮೇಲೆ ಹೊತ್ತುಕೊಂಡು ಹೊರಟ. ಇಡೀ ಊರನ್ನು ಹೊತ್ತಾಗ ಬಗ್ಗದ ಕತ್ತು ಅಂದು ಬಗ್ಗಿತು.

ಹೊಳೆಯಾಚೆ ಅವಳು ದೋಣಿಕಟ್ಟೆಯ ಕಲ್ಲಿನ ಮೇಲೆ ಕೂತು ಕೂದಲಿನ ಸುಣ್ಣ ತೊಳೆಯುತ್ತಿದ್ದಳು. ಅವನನ್ನು ನೋಡಿದಳು. ಏಳಲಿಲ್ಲ.

"ಬರ್ತೀನಿ ಅಂದಿದ್ರಿ," ಎಂದಳು. "ನಿಮ್ಮ ಬೆನ್ನಿಗೆ ಕಲ್ಲು ಒತ್ತಬಾರದು ಅಂತ ನಿನ್ನೆ ಸಂಜೆಯೇ ಹೋಗಿ ನೆಲ ಬೇರೆ ಸವರಿದ್ದೆ."

"ನೋಡ್ದೆ."

ಮಾತಿನಲ್ಲಿ ಹೇಳಿದರೆ ಅವಳು ನಂಬುವ ಕಾಲ ದಾಟಿಹೋಗಿತ್ತು. ಅವನು ಬುಟ್ಟಿ ಇಳಿಸಿ, ಬೊಂಬೆಗಳನ್ನು ಅವಳ ಮುಂದೆ ಮರಳಿನ ಮೇಲೆ ಸಾಲಾಗಿ ನಿಲ್ಲಿಸುತ್ತಾ ಹೋದ. ಸಾಲು ಅವಳ ಕಾಲ ಬಳಿಯಿಂದ ಶುರುವಾಗಿ ನೀರಿನ ಅಂಚು ಮುಟ್ಟಿ, ತಿರುಗಿ, ಮತ್ತೆ ಅವಳ ಕಾಲ ಬಳಿಗೆ ಬಂತು. ದೋಣಿಯವನು ಹುಟ್ಟು ಹಾಕುವುದನ್ನು ಬಿಟ್ಟು ನೋಡಿದ.

ಅವಳು ಒಂದನ್ನು ಎತ್ತಿದಳು. ಪೆಟ್ಟಿಗೆ ಸೊಂಟಕ್ಕಿಟ್ಟವಳನ್ನು. ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು.

"ಇಷ್ಟು ಸಲ ಮಾಡಿದ್ರಾ?"

"ದಿನಾ."

"ತೆಗೀತಿದ್ದೋರು ಯಾರು?"

ಅವನಿಗೆ ಹೆಸರು ಹೇಳಲು ಆಗಲಿಲ್ಲ. ಅವಳಿಗೆ ಅಷ್ಟೇ ಸಾಕಾಯಿತು. "ಪೆಟ್ಟಿಗೆ ಹೊತ್ತು ತಂದವನು," ಎಂದಳು. ಆಮೇಲೆ ಬೊಂಬೆಯ ಮುಖದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಊರಿಗೆಲ್ಲ ಗೊತ್ತಿತ್ತು ಕಣೇ. ಹಗ್ಗ ಕಿತ್ಕೊಂಡು ಬರ್ತೀನಿ. ಇನ್ನೊಂದು ಸಲ..."

"ಬೇಡ. ಎಲ್ಲ ಗೊತ್ತಿದ್ದೂ ಬಾಗಿಲಲ್ಲಿ ನಿಂತು ನೋಡಿದವರ ನಡುವೆ ನನಗೆ ಜಾಗ ಬೇಡ. ಅಚ್ಚಿನಲ್ಲಿ ನಿಂತರೂ ಬೇಡ."

"ಹಾಗಾದ್ರೆ ಇಲ್ಲೇ ಇದ್ದುಬಿಡ್ತೀನಿ. ನಿದ್ದೆ ಮಾಡಲ್ಲ. ಮಾಡಿದ್ರೆ ಬೆಳಿಗ್ಗೆ ಅಲ್ಲಿರ್ತೀನಿ. ಕಣ್ಣಿಗೆ ಬಿದಿರುಕಡ್ಡಿ ಕೊಟ್ಟು ನಿಲ್ಲಿಸ್ತೀನಿ. ವರ್ಷಗಟ್ಟಲೆ ನಿಲ್ಲಿಸ್ತೀನಿ, ನೋಡ್ತಿರು!"

ಅವಳು ಅವನ ಅರ್ಧ ಮೀಸೆಯನ್ನು ನೋಡಿದಳು. ನಗು ಬಂತು, ಅದು ಪೂರ್ತಿಯಾಗಲಿಲ್ಲ.

"ನಿದ್ದೆ ಬಂದ್ರೆ ಮಲಗಿ," ಎಂದಳು. "ಬೆಳಿಗ್ಗೆ ಎದ್ದು ನಡ್ಕೊಂಡು ಬನ್ನಿ. ನಾನು ಬರ್ತಿದ್ದ ಹಾಗೆ."

ಅಂದಿನಿಂದ ಅದೇ ಆಯಿತು. ದಿನಾ ಅವನು ಹೊಳೆಯಾಚೆ ಎರಡು ಚಾಪೆಯ ಮನೆಯಲ್ಲಿ ಮಲಗುತ್ತಾನೆ. ದಿನಾ ಒಂದು ಚಾಪೆಯ ಮನೆಯಲ್ಲಿ ಏಳುತ್ತಾನೆ. ಬೊಂಬೆ ಎಷ್ಟು ಸಲ ಕಿತ್ತರೂ ಗಂಟೆಯವನ ಕೈ ಅದನ್ನು ಮತ್ತೆ ನೆಡುತ್ತದೆ. ಎದ್ದವನು ಮುಖ ತೊಳೆಯದೆ, ಊರಿನ ಎಲ್ಲ ಬೀದಿಗಳನ್ನೂ ದಾಟಿ, ಬಿಳಿ ಅಂಚು ದಾಟಿ, ಹೊಳೆಗೆ ನಡೆಯುತ್ತಾನೆ. ನಡೆದು ನಡೆದು ಸುಣ್ಣದ ನೆಲದಲ್ಲಿ ಒಂದು ಕಾಲುದಾರಿ ಬಿದ್ದಿದೆ. ಬೆಳಿಗ್ಗೆ ಊರು ಎಷ್ಟೇ ಸಲ ಹುಟ್ಟಲಿ, ಅಂಚು ಅಚ್ಚಿನ ಹೊರಗಿನದಾದ್ದರಿಂದ ಆ ದಾರಿ ಅಳಿಸಿಲ್ಲ. ಕೆಲವು ಬಾಗಿಲುಗಳಲ್ಲಿ ನಿಂತವರು ಈಗ ಒಳಗೆ ಸರಿಯುತ್ತಾರೆ. ಒಬ್ಬಿಬ್ಬರು ಆ ದಾರಿಯನ್ನು ಸುಮ್ಮನೆ ನೋಡುತ್ತಾ ನಿಂತಿರುವುದೂ ಉಂಟು.

ಗಂಟೆಯವ ಅವನ ಕಟ್ಟೆಯ ಮೇಲೆ ಬೆಳಿಗ್ಗೆಯೇ ಬಂದು ಕೂತಿರುತ್ತಾನೆ. ಕಟ್ಟೆ ಇದ್ದಂತೆಯೇ ಇದೆ. ದಿನಾ ಕೇಳುತ್ತಾನೆ.

"ನಾಳೆ ಬರ್ತೀಯಲ್ಲೋ?"

"ನಾನು ಬರೋದಿಲ್ಲ," ಎನ್ನುತ್ತಾನೆ ಬುಟ್ಟಿಯವ, ಚಪ್ಪಲಿ ಮೆಟ್ಟುತ್ತಾ. "ನೀನು ತಂದು ಹಾಕ್ತೀಯ."